ಟೇಪ್ ಮಿಷನ್ನಿನ ಕಣ್ಣಿಗೆ ಇಟ್ಟ ಕುಂಕುಮ

ನಾನು ಮಿಲ್ಲಿಂಗ್ ಕೆಲಸದವನು ಅಂದರೆ ಹಲಸೂರಿನ ನಮ್ಮ ವಠಾರದಲ್ಲಿ ಅರ್ಧ ಜನ ಬಟ್ಟೆ ಮಿಲ್ಲು ಅಂದುಕೊಳ್ಳುತ್ತಿದ್ದರು, ಇನ್ನರ್ಧ ಜನ ಹಿಟ್ಟಿನ ಮಿಲ್ಲು. ಹೆಣ್ಣು ನೋಡಲು ಹೋದ ದಿನ ಮಾವನವರೂ ಅದನ್ನೇ ಕೇಳಿದರು.

"ಯಾವ ಮಿಲ್ಲು?"

"ಮಿಲ್ಲಲ್ಲ ಸಾರ್, ಮಿಲ್ಲಿಂಗು. ಕಬ್ಬಿಣ ಕೆತ್ತೋದು."

"ಉಳಿ ಸುತ್ತಿಗೇಲಾ?"

"ಮಿಷನ್ನಲ್ಲಿ ಸಾರ್."

ಅವರು ವಿಮಾ ಕಚೇರಿಯ ಗುಮಾಸ್ತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಬಣ್ಣದ ಪೆನ್ನು. ಎಲ್ಲಿವರೆಗೆ ಓದಿದ್ದೀರಿ ಎಂದರು. ಆರನೇ ಕ್ಲಾಸಿಗೇ ಬಿಟ್ಟೆ ಎಂದೆ. ಅವರು ಕಾಫಿ ಲೋಟ ಕೆಳಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಲಸ ಪರ್ಮನೆಂಟ್ ತಾನೆ?" ಎಂದರು. ಪರ್ಮನೆಂಟ್ ಆಗಿತ್ತು, ಮದುವೆಯೂ ಆಯಿತು. ಆದರೆ ಅವರು ಸುಮ್ಮನಿದ್ದ ಆ ಸ್ವಲ್ಪ ಹೊತ್ತು ಇದೆಯಲ್ಲ, ಅದು ಹೆಂಡತಿಯ ಟ್ರಂಕಿನ ಜೊತೆಗೇ ನಮ್ಮ ಮನೆಗೆ ಬಂದು ಕೂತುಬಿಟ್ಟಿತು.

ನನ್ನ ಕೆಲಸವನ್ನು ತಿಳಿಯದವರಿಗೆ ಎರಡು ಮಾತಿನಲ್ಲಿ ಹೇಳಬೇಕು. ಲೇತಿನಲ್ಲಿ ಜಾಬ್ ತಿರುಗುತ್ತದೆ, ಕುಂಬಾರನ ತಿಗರಿಯ ಮೇಲಿನ ಮಣ್ಣಿನ ಹಾಗೆ. ಜಾಬ್ ಅಂದರೆ ನಾವು ಕೆತ್ತಬೇಕಾದ ಲೋಹದ ತುಂಡು. ಮಿಲ್ಲಿಂಗಿನಲ್ಲಿ ತಿರುಗುವುದು ಹಲ್ಲುಗಳಿರುವ ಕಟರ್. ಜಾಬ್ ಟೇಬಲ್ಲಿನ ಮೇಲೆ ಬಿಗಿಯಾಗಿ ಕೂತು ಅದರ ಕೆಳಗೆ ಸರಿಯುತ್ತದೆ. ಕಟರ್ ಅಡ್ಡ ಮಲಗಿದ್ದರೆ ಹಾರಿಜಾಂಟಲ್ ಮಿಷನ್ನು, ಬುಗುರಿಯಂತೆ ನಿಂತಿದ್ದರೆ ವರ್ಟಿಕಲ್. ಎರಡಕ್ಕೂ ಮೂರು ಹ್ಯಾಂಡಲ್. ಒಂದು ಟೇಬಲ್ಲನ್ನು ಎಡಬಲಕ್ಕೆ ಸರಿಸುತ್ತದೆ, ಒಂದು ಹಿಂದೆ ಮುಂದೆ, ಇನ್ನೊಂದು ಮೇಲೆ ಕೆಳಗೆ. ಆ ಮೂರು ಹ್ಯಾಂಡಲ್ಲುಗಳಲ್ಲೇ ನನ್ನ ಅನ್ನ ಇತ್ತು.

ಕೆಲಸ ಕಲಿತದ್ದು ಶಿವಾಜಿನಗರದ ಒಂದು ಶೆಡ್ಡಿನಲ್ಲಿ. ಅಲ್ಲಿನ ಉಸ್ತಾದರು ಅಳತೆಪಟ್ಟಿಯನ್ನು ಕೈಗೆ ಕೊಡುವ ಮೊದಲು ಕಿವಿ ಹಿಂಡುತ್ತಿದ್ದರು. "ಕಾನ್ ಸೇ ದೇಖ್ ರೇ," ಕಿವಿಯಿಂದ ನೋಡೋ, ಎನ್ನುತ್ತಿದ್ದರು. ಕಟರ್ ಸರಿಯಾಗಿ ತಿನ್ನುವಾಗ ಒಂದು ಸದ್ದು, ಹಲ್ಲು ಮೊಂಡಾದಾಗ ಬೇರೆ ಸದ್ದು. ಆ ವಿದ್ಯೆ ನನಗೆ ಚೆನ್ನಾಗಿ ಹತ್ತಿತು. ಅರವತ್ತರ ದಶಕದಲ್ಲಿ ಹಳೇ ಮದ್ರಾಸ್ ರಸ್ತೆಯ ಆ ಕಡೆ ಒಂದು ಸರ್ಕಾರಿ ಕಾರ್ಖಾನೆಗೆ ಸೇರಿದೆ. ಕೆಲವೇ ವರ್ಷದಲ್ಲಿ, ಕಷ್ಟದ ಜಾಬ್ ಬಂದರೆ ಫೋರ್‌ಮನ್ನರು ಬೇರೆ ಯಾರ ಕಡೆಯೂ ನೋಡದೆ ನನ್ನ ಬಳಿಗೇ ಬರುವ ಹಾಗಾಯಿತು. ಅದರ ಜಂಬ ನನಗೆ ಬೇಕಾದಷ್ಟಿತ್ತು. ಓದಿದವರು ಕಾಗದದ ಮೇಲೆ ಗೆರೆ ಎಳೆಯುತ್ತಾರೆ, ಆ ಗೆರೆಯನ್ನು ಕಬ್ಬಿಣದಲ್ಲಿ ತೆಗೆಯುವವನು ನಾನು ಎಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದೆ.

ಎಪ್ಪತ್ತರ ದಶಕದ ನಡುವೆ ಟೇಪ್ ಮಿಷನ್ನು ಬಂತು.

ಹೊರನೋಟಕ್ಕೆ ನಮ್ಮ ವರ್ಟಿಕಲ್ ಮಿಷನ್ನೇ. ಆದರೆ ಹ್ಯಾಂಡಲ್ಲುಗಳಿರಬೇಕಾದ ಜಾಗ ಬೋಳಾಗಿತ್ತು. ಪಕ್ಕದಲ್ಲಿ ಬೀರುವಿನಷ್ಟು ಎತ್ತರದ ಒಂದು ಪೆಟ್ಟಿಗೆ. ಅದಕ್ಕೆ ತೂತು ಹೊಡೆದ ಕಾಗದದ ಪಟ್ಟಿಯನ್ನು ತಿನ್ನಿಸಬೇಕು. ಪಟ್ಟಿ ಹಾದುಹೋಗುವ ಕಡೆ ಬೆರಳಗಲದ ಒಂದು ಗಾಜು, ಒಂದು ಕಡೆಯಿಂದ ದೀಪ. ತೂತಿನಲ್ಲಿ ಬೆಳಕು ನುಸುಳಿದರೆ ಒಂದು ಅರ್ಥ, ನುಸುಳದಿದ್ದರೆ ಇನ್ನೊಂದು. ಆ ಬೆಳಕು ಓದಿಕೊಂಡು ಪೆಟ್ಟಿಗೆ ಮೋಟರುಗಳಿಗೆ ಹೇಳುತ್ತದೆ, ಮೋಟರುಗಳು ಟೇಬಲ್ಲನ್ನು ಸರಿಸುತ್ತವೆ. ಎಡಬಲದ ದಾರಿಗೆ ಎಕ್ಸ್, ಹಿಂದೆ ಮುಂದೆ ವೈ, ಮೇಲೆ ಕೆಳಗೆ ಝಡ್. ನನ್ನ ಮೂರು ಹ್ಯಾಂಡಲ್ಲುಗಳಿಗೇ ಯಾರೋ ಇಂಗ್ಲಿಷ್ ಅಕ್ಷರ ಇಟ್ಟಿದ್ದರು.

ಅದರ ಉಸ್ತುವಾರಿಗೆ ಬಂದ ಎಂಜಿನಿಯರು ನನಗಿಂತ ಚಿಕ್ಕವರು, ಮೆದು ಮಾತಿನವರು. ಮೊದಲ ದಿನ ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ವಿವರಿಸಿದರು. "ಇದು ಬರೀ ಶುರು ಅಷ್ಟೆ. ಇದಕ್ಕೆ ನೆನಪಿಲ್ಲ, ಪ್ರತಿ ಜಾಬಿಗೂ ಟೇಪನ್ನ ಮೊದಲಿಂದ ಓದ್ಬೇಕು. ಹೊರದೇಶದಲ್ಲಿ ಈಗ ಪೆಟ್ಟಿಗೆ ಒಳಗೇ ಕಂಪ್ಯೂಟರ್ ಕೂರಿಸ್ತಿದಾರೆ, ಒಂದ್ಸಲ ಓದಿದ್ರೆ ತಲೇಲಿಟ್ಕೊಳ್ಳುತ್ತೆ. ಕೆಲಸ ಮುಗಿದ ಕಟರ್‌ನ ತಾನೇ ಇಳಿಸಿ ಇನ್ನೊಂದು ಸಿಕ್ಕಿಸ್ಕೊಳ್ಳೋ ಮಿಷನ್ ಇದೆ. ಈ ಮೂರು ದಾರಿ ಸಾಲ್ದು ಅಂತ ತಲೆ ವಾಲಿಸಿ, ಜಾಬನ್ನೂ ತಿರುಗಿಸಿ ಐದು ದಾರೀಲಿ ಕೆತ್ತೋವೂ ಇವೆ."

"ಹಂಗಾದ್ರೆ ನಾವೇನ್ ಸಾರ್ ಮಾಡೋದು?" ಎಂದ ಪಕ್ಕದ ಮಿಷನ್ನಿನ ನನ್ನ ಗೆಳೆಯ. "ಊದುಬತ್ತಿ ಹಚ್ಚೋದಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಿಷನ್ನನ್ನು ಯಾರ ಕೈಗೆ ಕೊಡುವುದು ಎಂದು ಮಾತು ಬಂದಾಗ ಫೋರ್‌ಮನ್ನರು ನನ್ನ ಭುಜ ತಟ್ಟಿದರು. ಅವರು ತಮಿಳಿನವರು, ಕನ್ನಡವನ್ನು ತಮ್ಮದೇ ರಾಗದಲ್ಲಿ ಆಡುತ್ತಿದ್ದರು. "ದಸರಾವರೆಗೂ ನೀನು ಓಡಿಸು ಅಪ್ಪಾ. ಆಮೇಲೆ ನೋಡೋಣ. ಡಿಪ್ಲೊಮಾ ಮಾಡಿದೋರು ಇಬ್ರು ಕೇಳ್ತಾ ಇದಾರೆ, ತಿಳ್ಕೋ." ನನಗೆ ಕೇಳಿಸಿದ್ದು ಮೊದಲ ಮಾತು ಮಾತ್ರ. ಅಂದೇ ವಠಾರಕ್ಕೆಲ್ಲ ಸುದ್ದಿ ಹೇಳಿದೆ. ಭಾನುವಾರ ಇಂದಿರಾನಗರದ ಕ್ವಾರ್ಟರ್ಸಿಗೆ ಹೋಗಿ ಮಾವನವರಿಗೂ ಹೇಳಿ ಬಂದೆ. "ಇನ್ಮೇಲೆ ಕಂಪ್ಯೂಟರ್ ಮಿಷನ್ನು," ಎಂದೆ. ಅದರಲ್ಲಿ ಕಂಪ್ಯೂಟರ್ ಇರಲಿಲ್ಲ ಎಂದು ಆಗಲೇ ನನಗೆ ಗೊತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಹೌದಾ ಅಳಿಯಂದ್ರೆ? ಬಹಳ ಸಂತೋಷ," ಎಂದರು. ಆ ದಿನ ನಾನು ಬಸ್ಸು ಹತ್ತದೆ ಹಲಸೂರಿನವರೆಗೂ ನಡೆದೇ ಬಂದೆ.

ಆಮೇಲೆ ಶುರುವಾಯಿತು ನನ್ನ ಪಾಡು.

ಮೊದಲನೆಯದು, ಕೈಗೆ ಕೆಲಸವಿಲ್ಲ. ಜಾಬ್ ಕಟ್ಟಿ, ಟೇಪ್ ಏರಿಸಿ, ಹಸಿರು ಗುಂಡಿ ಒತ್ತಿದರೆ ಮುಗಿಯಿತು. ಟೇಬಲ್ಲು ತಾನೇ ಓಡುತ್ತದೆ, ನಿಲ್ಲುತ್ತದೆ, ತಿರುಗಿ ಓಡುತ್ತದೆ. ನಾನು ಕೈಕಟ್ಟಿ ನಿಂತಿರಬೇಕು. ಅತ್ತಿತ್ತ ಎಲ್ಲರೂ ಬೆವರು ಸುರಿಸಿ ಹ್ಯಾಂಡಲ್ ತಿರುಗಿಸುವಾಗ ಹಾಗೆ ನಿಲ್ಲುವುದು ಮದುವೆ ಮನೆಯಲ್ಲಿ ಕರೆಯದೆ ಬಂದವನ ಹಾಗಿರುತ್ತಿತ್ತು. ಸುಮ್ಮನೆ ಬಟ್ಟೆ ಹಿಡಿದು ಒರೆಸಿದ ಜಾಗವನ್ನೇ ಒರೆಸುತ್ತಿದ್ದೆ. ಮನೆಗೆ ಬಂದರೆ ಹೆಂಡತಿ ಎಂದಿನಂತೆ ಬಚ್ಚಲಲ್ಲಿ ಸೀಮೆಎಣ್ಣೆ ಬಟ್ಟೆ, ಸೋಪು ಇಟ್ಟಿರುತ್ತಿದ್ದಳು. ನನ್ನ ಕೈ ನೋಡಿ, "ಏನ್ರೀ, ಇವತ್ತೂ ರಜಾನಾ?" ಎಂದು ತಮಾಷೆ ಮಾಡುತ್ತಿದ್ದಳು. ಅವಳ ಅಪ್ಪನ ಕೈಯಷ್ಟೇ ಚೊಕ್ಕಟವಾಗಿದ್ದವು ನನ್ನ ಕೈ. ಅದಕ್ಕೆ ಹೆಮ್ಮೆ ಪಡಬೇಕಾದವನು ನಾಚಿಕೊಂಡು ಕೈ ತೊಳೆದೇ ತೊಳೆಯುತ್ತಿದ್ದೆ.

ಎರಡನೆಯದು ಕ್ಲಾಸು. ವಾರಕ್ಕೊಮ್ಮೆ ಎಂಜಿನಿಯರು ಕಪ್ಪು ಹಲಗೆಯ ಮುಂದೆ ನಿಂತು, ಟೇಪಿಗೆ ಹೋಗುವ ಅಂಕಿಗಳನ್ನು ಬರೆಯುವುದು ಹೇಗೆಂದು ಕಲಿಸುತ್ತಿದ್ದರು. ಆ ಬರವಣಿಗೆಗೆ ಪ್ರೋಗ್ರಾಂ ಎಂದು ಹೆಸರು. ಪಕ್ಕದಲ್ಲಿ ಡಿಪ್ಲೊಮಾದವರಿಬ್ಬರು. ಕೆಲವು ಅಂಕಿಗಳ ಮುಂದೆ ಒಂದು ಸಣ್ಣ ಗೀಟು ಇರುತ್ತಿತ್ತು. ನಾನು ಕಲಿತ ಶಾಲೆಯಲ್ಲಿ ಆ ಗೀಟು ಎರಡು ಅಂಕಿಗಳ ನಡುವೆ, ಕಳೆಯುವುದಕ್ಕೆ ಬರುತ್ತಿತ್ತು. ಒಂಟಿ ಅಂಕಿಯ ತಲೆಗೆ ಅಂಟಿಕೊಂಡದ್ದನ್ನು ಕಂಡಿರಲಿಲ್ಲ. ಅಂಥ ಲೆಕ್ಕ ಬರುವ ಹೊತ್ತಿಗೆ ನಾನು ಶಾಲೆಯಲ್ಲಿರಲಿಲ್ಲ. ಝಡ್‌ನ ಮುಂದೆ ಗೀಟು ಬಂದಾಗಲೆಲ್ಲ ಕಟರ್ ಕೆಳಗಿಳಿಯುವುದನ್ನು ನೋಡಿ ನಾನೇ ಅರ್ಥ ಕಟ್ಟಿಕೊಂಡೆ: ಗೀಟು ಅಂದರೆ ಕೆಳಗೆ. ಒಂದು ದಿನ ಎಕ್ಸ್‌ನ ಮುಂದೆಯೂ ಗೀಟು ಬಂತು. ಎಡಬಲಕ್ಕೆ ಹೋಗುವ ಟೇಬಲ್ಲು ಕೆಳಗೆ ಹೇಗೆ ಹೋದೀತು? ಕೇಳಬೇಕೆಂದು ಬಾಯಿಗೆ ಬಂತು. ಇಬ್ಬರೂ ಪೆನ್ನು ಓಡಿಸುತ್ತಿದ್ದರು. ನಾನೂ ತಲೆಯಾಡಿಸಿ ಪೆನ್ನು ಓಡಿಸಿದೆ.

ಆಮೇಲೆ ಒಂದು ಉಪಾಯ ಕಂಡುಕೊಂಡೆ. ಅಳತೆ ಎಲ್ಲಿಂದ ಶುರುವೋ ಆ ಜಾಗಕ್ಕೆ ಸೊನ್ನೆ ಎನ್ನುತ್ತಾರೆ. ಸೊನ್ನೆಯನ್ನು ಜಾಬಿನ ಎಡಗಡೆಯ ಮುಂದಿನ ಮೂಲೆಯಲ್ಲೇ ಇಟ್ಟುಕೊಂಡರೆ ಎಕ್ಸ್, ವೈಗಳಿಗೆ ಗೀಟೇ ಬರುವುದಿಲ್ಲ. ಯಾವ ಜಾಬ್ ಬಂದರೂ ಮೂಲೆಯಿಂದಲೇ ಬರೆದು ದಿನ ನೂಕಿದೆ. ಎಂಜಿನಿಯರಿಗೆ ಗೊತ್ತಾಗಿತ್ತೋ ಏನೋ, ಏನೂ ಹೇಳಲಿಲ್ಲ.

ಹಾಗೆ ನೂಕುತ್ತಾ ಆಯುಧಪೂಜೆ ಬಂತು.

ನಮ್ಮ ಕಾರ್ಖಾನೆಯಲ್ಲಿ ವರ್ಷಕ್ಕೆ ಆ ಒಂದು ದಿನ ಮನೆಯವರನ್ನು ಒಳಗೆ ಬಿಡುತ್ತಿದ್ದರು. ಮಿಷನ್ನುಗಳನ್ನು ತೊಳೆದು, ಬಾಳೆಕಂದು ಕಟ್ಟಿ, ಬಣ್ಣದ ಕಾಗದ ಅಂಟಿಸಿ, ಯಾವ ಮಿಷನ್ನನ್ನು ಯಾರು ಓಡಿಸುತ್ತಾರೋ ಅವರೇ ಪೂಜೆ ಮಾಡುವುದು ಪದ್ಧತಿ. ಆ ಸಲ ಹೊಸ ಮಿಷನ್ನಿನ ಪೂಜೆ ನನ್ನದು. ಹೆಂಡತಿ, ಅತ್ತೆ, ಮಾವನವರು ಮೂವರೂ ಬಂದಿದ್ದರು. ಮಾವನವರು ಮದುವೆಯಲ್ಲಿ ಉಟ್ಟ ಜರಿಪಂಚೆಯಲ್ಲೇ ಬಂದಿದ್ದರು. ಎಲ್ಲರೆದುರು ಒಂದು ಅಲ್ಯೂಮಿನಿಯಂ ತಗಡಿನ ಮೇಲೆ ಕಮಲದ ಹೂ ಕೆತ್ತಿಸಬೇಕೆಂದು ಎಂಜಿನಿಯರು ಟೇಪ್ ತಯಾರು ಮಾಡಿ ಇಟ್ಟಿದ್ದರು.

ಹಳೇ ಮಿಷನ್ನಿಗಾದರೆ ಕಟರ್ ಹಿಡಿದು ತಿರುಗಿಸುವ ಸ್ಪಿಂಡಲ್ಲಿನ ತಲೆಗೆ ವಿಭೂತಿ ಬಳಿದು ನಡುವೆ ಕುಂಕುಮ ಇಡುತ್ತಿದ್ದೆವು. ಇದಕ್ಕೂ ಇಟ್ಟೆ. ಟೇಬಲ್ಲಿಗೆ ಇಟ್ಟೆ. ಪೆಟ್ಟಿಗೆಗೆ ಮೂರೆಳೆ ವಿಭೂತಿ ಎಳೆದೆ. ಎಳೆದ ಮೇಲೆ ಮನಸ್ಸಿಗೆ ಬಂತು, ಇದರ ಕಣ್ಣಿರುವುದು ಟೇಪ್ ಓದುವ ಗಾಜಿನಲ್ಲಲ್ಲವೇ, ಅದನ್ನು ಬಿಟ್ಟು ಪೆಟ್ಟಿಗೆಗೆ ಹಚ್ಚಿದರೆ ಪೂಜೆ ಮುಟ್ಟುವುದು ಹೇಗೆ ಎಂದು. ಮುಚ್ಚಳ ತೆಗೆದು, ಗಂಧದಲ್ಲಿ ಕುಂಕುಮ ಕಲಸಿ, ಆ ಬೆರಳಗಲದ ಗಾಜಿನ ಮೇಲೆ ಭಕ್ತಿಯಿಂದ ಒಂದು ಬೊಟ್ಟು ಇಟ್ಟೆ. ದೀಪದ ಬೆಳಕಿನಲ್ಲಿ ಅದು ಮಾಣಿಕ್ಯದಂತೆ ಹೊಳೆಯಿತು. ಯಾರಿಗೂ ಹೊಳೆಯದ್ದು ನನಗೆ ಹೊಳೆಯಿತು ಎಂದು ಬೀಗಿದೆ.

ಮಂಗಳಾರತಿ ಆಯಿತು, ನಿಂಬೆಹಣ್ಣು ಕೊಯ್ದು ಇಟ್ಟಾಯಿತು, ಕಡ್ಲೆಪುರಿ ಹಂಚುತ್ತಿದ್ದರು. ಜನ ಸುತ್ತ ಸೇರಿದರು. ಟೇಪ್ ಏರಿಸಿ, ಮಾವನವರ ಕಡೆ ಒಂದು ಸಲ ನೋಡಿ, ಗುಂಡಿ ಒತ್ತಿದೆ.

ಟೇಪ್ ಒಂದು ಗೇಣು ಸರಿದು ನಿಂತಿತು. ಕೆಂಪು ದೀಪ ಹತ್ತಿತು. ಟೇಬಲ್ಲು ಅಲುಗಲಿಲ್ಲ.

ಮತ್ತೆ ಒತ್ತಿದೆ. ಮತ್ತೆ ಕೆಂಪು ದೀಪ. ಹಳೇ ಮಿಷನ್ನಾಗಿದ್ದರೆ ಕಿವಿ ಕೊಟ್ಟು ಕೇಳಿ ಬೇನೆ ಎಲ್ಲಿದೆ ಎಂದು ಹೇಳುತ್ತಿದ್ದೆ. ಇದು ಸದ್ದೇ ಮಾಡದೆ ನಿಂತಿತ್ತು. ತಿರುಗಿಸೋಣವೆಂದರೆ ಹ್ಯಾಂಡಲ್ಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದೇ ತೋಚಲಿಲ್ಲ.

"ಕಡ್ಲೆಪುರಿ ಕೊಟ್ಟಿಲ್ವೇನೋ ಮಗಾ ಅದಕ್ಕೆ," ಎಂದು ಗೆಳೆಯ ಹಿಂದಿನಿಂದ ಕೂಗಿದ.

ಅತ್ತೆ ಹೆಂಡತಿಯ ಕಿವಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು. "ಇದನ್ನ ಇವರೇ ಓಡ್ಸೋದಾ ಅಥವಾ ಅದೇ ಓಡುತ್ತಾ?"

ಎಂಜಿನಿಯರು ಬಂದು ಮುಚ್ಚಳ ತೆಗೆದರು. ಜೇಬಿನಿಂದ ಕರವಸ್ತ್ರ ತೆಗೆದು, ಜನರಿಗೆ ಬೆನ್ನು ಮಾಡಿ ಗಾಜನ್ನು ಒರೆಸಿದರು. ಬಿಳಿ ಬಟ್ಟೆ ಕೆಂಪಾಯಿತು. ಬೊಟ್ಟು ಬೆಳಕಿಗೆ ಅಡ್ಡ ನಿಂತು, ಇದ್ದ ತೂತನ್ನು ಇಲ್ಲವೆಂದು ಓದಿಸಿತ್ತು. ತೂತಿನ ಲೆಕ್ಕ ತಪ್ಪಿದರೆ ಮುಂದೆ ಹೋಗಬೇಡ ಎಂದು ಆ ಮಿಷನ್ನಿಗೆ ಮೊದಲೇ ಹೇಳಿಟ್ಟಿರುತ್ತಾರೆ. ಅವರು ಕರವಸ್ತ್ರ ಮಡಿಸಿ ಜೇಬಿಗೆ ಹಾಕಿಕೊಂಡು ಜನರ ಕಡೆ ತಿರುಗಿ, "ಕರೆಂಟ್‌ದು ಸಣ್ಣ ತೊಂದ್ರೆ, ಸರಿಹೋಯ್ತು," ಎಂದು ತಾವೇ ಗುಂಡಿ ಒತ್ತಿದರು. ಕಮಲ ಅರಳಿತು. ಜನ ಚಪ್ಪಾಳೆ ತಟ್ಟಿದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಉಸ್ತಾದರ ಬೈಗುಳ ತಿಂದು ಬೆಳೆದವನು. ಆದರೆ ನನಗಾಗಿ ಅವರು ಸುಳ್ಳು ಹೇಳಿದರು. ಅವರ ಬೆನ್ನು ಜನರಿಗೆ ಅಡ್ಡವಾಗಿತ್ತು, ಮಾವನವರು ಮಾತ್ರ ಪಕ್ಕದಲ್ಲಿ ನಿಂತಿದ್ದರು. ಕರವಸ್ತ್ರದ ಕೆಂಪು ಅವರಿಗೆ ಕಂಡಿತು. ಅವರು ಪೊಟ್ಟಣದಿಂದ ಒಂದೊಂದೇ ಕಡ್ಲೆಪುರಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾ ಬೇರೆ ಕಡೆ ನೋಡಿದರು. ಹೆಣ್ಣು ನೋಡಿದ ದಿನದ ಅದೇ ಸ್ವಲ್ಪ ಹೊತ್ತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಾನು ಅವರ ಪಕ್ಕ ಕೂರದೆ ಫುಟ್‌ಬೋರ್ಡಿನ ಬಳಿ ನಿಂತೇ ಬಂದೆ.

ಹಬ್ಬ ಕಳೆದ ಮೇಲೆ ಎಂಜಿನಿಯರು ಕರೆದರು. "ನಿಮ್ಮ ಕೈ ಎಂಥದು ಅಂತ ನನಗೆ ಗೊತ್ತು. ಹಳೇ ಮಿಷನ್ನಿಗೆ ಹೋಗ್ತೀನಿ ಅಂದ್ರೆ ಯಾರೂ ಏನೂ ಅಂದ್ಕೊಳ್ಳಲ್ಲ. ಇಲ್ಲೇ ಇರ್ತೀನಿ ಅಂದ್ರೆ ದೀಪಾವಳಿ ಆದ್ಮೇಲೆ ಒಂದು ಡ್ರಾಯಿಂಗ್ ಕೊಡ್ತೀನಿ. ಪ್ರೋಗ್ರಾಂ ನೀವೊಬ್ರೇ ಬರೀಬೇಕು." ಮೇಜಿನ ಮೇಲಿನ ಕಾಗದ ಜೋಡಿಸುತ್ತಾ, "ಸೊನ್ನೆ ಮಧ್ಯದಲ್ಲಿರುತ್ತೆ," ಎಂದರು.

ಗೊತ್ತಿತ್ತು ಹಾಗಾದರೆ, ಮೂಲೆಯ ಉಪಾಯವೂ ಗೊತ್ತಿತ್ತು. ಇಲ್ಲೇ ಇರುತ್ತೇನೆ ಸಾರ್ ಎಂದೆ. ಹೇಗೆ ಎಂದು ನನಗೇ ತಿಳಿದಿರಲಿಲ್ಲ. ಡಿಪ್ಲೊಮಾದವರನ್ನು ಕೇಳಲು ನಾಲಗೆ ಏಳಲಿಲ್ಲ. ಹಳೇ ಮಿಷನ್ನಿಗೆ ವಾಪಸ್ಸು ಹೋದರೆ ಮಾವನವರಿಗೆ ಏನೆಂದು ಹೇಳುವುದು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮುಂದಿನ ಭಾನುವಾರ ಮಾವನವರೇ ಬಂದರು. ಹಾಗೆ ಒಬ್ಬರೇ ಬರುವವರಲ್ಲ. ಜಗಲಿಯ ಮೇಲೆ ಕೂತು, ಕಾಫಿ ಕುಡಿದು, "ಅಳಿಯಂದ್ರೆ, ಅವತ್ತು ಗಲಾಟೇಲಿ ಸರಿಯಾಗಿ ನೋಡಕ್ಕಾಗ್ಲಿಲ್ಲ," ಎಂದರು. "ಆ ಮಿಷನ್ನಿಗೆ ದಾರಿ ಹೆಂಗೆ ಗೊತ್ತಾಗುತ್ತೆ, ಒಂಚೂರು ನನಗೆ ಹೇಳ್ಕೊಡಿ."

ಎಕ್ಸ್ ಅಂದರೆ ಎಡಬಲ ಎಂದು ಶುರು ಮಾಡಿದೆ.

"ಅಂದ್ರೆ ನಮ್ಮ ಮದ್ರಾಸ್ ರೋಡ್ ಥರ," ಎಂದರು. ರಂಗೋಲಿ ಡಬ್ಬಿಯಿಂದ ಚಿಟಿಕೆ ಪುಡಿ ತೆಗೆದು ಸಿಮೆಂಟಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. "ಈ ಹಲಸೂರು ಸೊನ್ನೆ ಅಂತಿಟ್ಕೊಳ್ಳಿ. ನೀವು ಡ್ಯೂಟಿಗೆ ಕೆ.ಆರ್. ಪುರದ ಕಡೆ ಹೊರಟ್ರೆ ಒಂದು ಮೈಲಿ, ಎರಡು ಮೈಲಿ, ಮೂರು. ಇದು ನನಗೆ ಅರ್ಥವಾಗುತ್ತೆ. ಶಿವಾಜಿನಗರಕ್ಕೆ ಹೋಗ್ಬೇಕಾದ್ರೆ? ಅದೂ ಒಂದು ಮೈಲಿ, ಎರಡು ಮೈಲಿನೇ. ಯಾವ ಒಂದು ಮೈಲಿ ಅಂತ ಮಿಷನ್ನಿಗೆ ಹೆಂಗೆ ಹೇಳ್ತೀರಿ?"

ಒಳಗೆ ಪಾತ್ರೆಯ ಸದ್ದು ನಿಂತಿತು. ಹೆಂಡತಿಯೂ ಕೇಳಿಸಿಕೊಳ್ಳುತ್ತಿದ್ದಳು.

"ಗೊತ್ತಿಲ್ಲ ಮಾವ," ಎಂದೆ. ನಾಚಿಕೆಯಿಂದ ಕಿವಿ ಬಿಸಿಯಾದವು.

"ನನಗೂ ತಿಳೀತಿಲ್ಲ, ಅದಕ್ಕೇ ಕೇಳ್ದೆ," ಎಂದು ಅವರು ವಠಾರದ ಬಾವಿಯ ಕಡೆ ಕೈ ತೋರಿಸಿದರು. "ಆ ಬಾವಿಕಟ್ಟೆ ಸೊನ್ನೆ ಅಂದ್ಕೊಂಡ್ರೆ, ಬಿಂದಿಗೆ ಇಳಿಯೋದನ್ನ ಏನಂತ ಬರೀತಾರೆ ನಿಮ್ಮಲ್ಲಿ?"

"ಗೀಟು ಹಾಕಿ ಬರೀತಾರೆ. ಗೀಟು ಅಂದ್ರೆ ಕೆಳಗೆ."

"ಕೆಳಗೆ ಅಂತಲಾ, ಇಲ್ಲ ಸೊನ್ನೆಯಿಂದ ಆ ಕಡೆ ಅಂತಲಾ?"

ಪುಡಿಯ ಗೆರೆಯನ್ನು ನೋಡಿದೆ. ಹಲಸೂರಿನ ಈ ಕಡೆ, ಆ ಕಡೆ. ಕಟ್ಟೆಯ ಈ ಕಡೆ, ಆ ಕಡೆ. ಇಷ್ಟು ತಿಂಗಳು ನನ್ನ ಎದೆಯ ಮೇಲೆ ಕೂತಿದ್ದ ಗೀಟು ಇಷ್ಟೇ ಆಗಿತ್ತು. "ಶಿವಾಜಿನಗರಕ್ಕೂ ಗೀಟೇ ಮಾವ," ಎಂದೆ. "ಹಂಗೇ ವೈಗೂ. ಫ್ರೇಜರ್‌ಟೌನ್ ಈ ಕಡೆ ಆದ್ರೆ ದೊಮ್ಮಲೂರಿಗೆ ಗೀಟು."

"ಓ, ಹಂಗೋ," ಎಂದರು. "ಈಗ ಗೊತ್ತಾಯ್ತು ನೋಡಿ ನನಗೆ."

ಜೀವಮಾನವೆಲ್ಲ ಅಂಕಿಗಳ ನಡುವೆ ಕೂತು ಕೆಲಸ ಮಾಡಿದವರು ಅವರು. ಅವರಿಗೆ ಗೊತ್ತಾಗದ್ದು ಅದರಲ್ಲಿ ಏನಿತ್ತು? ನನ್ನ ನೋಟ್‌ಬುಕ್ಕಿನ ಗೀಟುಗಳ ಸುದ್ದಿ ಹೆಂಡತಿಯಿಂದ ಹೋಗಿತ್ತೋ ಏನೋ, ನನಗೆ ಕಲಿಸಲೆಂದು ನನ್ನ ಶಿಷ್ಯನ ವೇಷ ಹಾಕಿಕೊಂಡು ಬಂದಿದ್ದರು. ಅದು ನನಗೆ ತಿಳಿಯಿತು. ತಿಳಿಯಿತೆಂದು ಅವರಿಗೂ ತಿಳಿದಿರಬೇಕು. ಆದರೂ ದೀಪಾವಳಿಯವರೆಗೆ ಪ್ರತಿ ಭಾನುವಾರ ಏನೋ ಒಂದು "ಸಂದೇಹ" ಹಿಡಿದು ಬಂದರು, ನಾನು "ಹೇಳಿಕೊಟ್ಟೆ". ಇಬ್ಬರೂ ಆಟ ಬಿಡಲಿಲ್ಲ. ಅವರು ಹೋದ ಮೇಲೆ ಹೆಂಡತಿ ಜಗಲಿಯ ಗೆರೆಗಳನ್ನು ಗುಡಿಸದೆ ಬಿಡುತ್ತಿದ್ದಳು. ಅವುಗಳ ಮುಂದೆ ಕೂತು ನಾನು ಮತ್ತೆ ಮತ್ತೆ ಶಿವಾಜಿನಗರಕ್ಕೆ ಹೋಗಿ ಬರುತ್ತಿದ್ದೆ.

ಎಂಜಿನಿಯರು ಕೊಟ್ಟ ಡ್ರಾಯಿಂಗ್ ಒಂದು ಚೌಕದ ತಗಡು, ನಡುವೆ ಸೊನ್ನೆ, ಸುತ್ತ ನಾಲ್ಕು ತೂತು. ಬರೆದುಕೊಟ್ಟೆ. ಕಟರ್ ತಗಡಿಗೆ ತಾಗದಂತೆ ಎತ್ತರಿಸಿ ಗಾಳಿಯಲ್ಲಿ ಓಡಿಸಿ ನೋಡಿದರು. ಒಂದು ತೂತಾದ ಮೇಲೆ ಕಟರನ್ನು ಮೇಲೆತ್ತುವುದನ್ನು ಮರೆತಿದ್ದೆ. ಅದೊಂದು ತಿದ್ದಿದೆ. ಗೀಟುಗಳೆಲ್ಲ ಸರಿಯಾಗಿದ್ದವು. ಫೋರ್‌ಮನ್ನರು ಬಂದು ನೋಡಿ, "ಸರಿ ಅಪ್ಪಾ, ನಿಂದೇ ಇಟ್ಕೋ," ಎಂದರು. ಮಿಷನ್ನು ನನಗೆ ಉಳಿಯಿತು.

ಆ ಸುದ್ದಿಯನ್ನು ಮಾವನವರಿಗೆ ಹೇಳಿಕಳಿಸಿದ್ದು ಹೆಂಡತಿ. ನಾನು ಹೋಗಲಿಲ್ಲ. ಹೋದರೆ ಉಪಕಾರವಾಯಿತು ಎನ್ನಬೇಕಾಗುತ್ತಿತ್ತು. ಎಂದರೆ ಆಟ ಮುಗಿದು, ಗೊತ್ತಿಲ್ಲದೆ ಕಲಿತವನು ನಾನೇ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಗೊತ್ತಿಲ್ಲದೆ ಇದ್ದದ್ದಕ್ಕೆ ಆಗಿನ ನಾಚಿಕೆ ಹೋಗಿಬಿಟ್ಟಿದೆ. ಆ ಒಂದು ಮಾತು ಹೇಳದೆ ಉಳಿದದ್ದರ ನಾಚಿಕೆ ಮಾತ್ರ ಹೋಗಿಲ್ಲ.

ಕುಂಕುಮದ ಸುದ್ದಿ ಹೇಗೋ ಹೊರಬಿದ್ದಿತ್ತು. ಮರುವರ್ಷದ ಆಯುಧಪೂಜೆಗೆ ಟೇಪ್ ಓದುವ ಗಾಜಿನ ಮುಚ್ಚಳದ ಮೇಲೆ ಹಳದಿ ಬಣ್ಣದಲ್ಲಿ ಬರೆಸಿದ್ದರು: ಇಲ್ಲಿ ಕುಂಕುಮ ಹಚ್ಚಬಾರದು. "ಕೆಳಗೆ ನಿನ್ನ ಹೆಸರೂ ಬರೆಸ್ಬೇಕಿತ್ತು ಗುರು," ಎಂದ ಗೆಳೆಯ. ಬಂದವರೆಲ್ಲ ಅದನ್ನು ಓದಿ ನಗುತ್ತಿದ್ದರು. ಅದರ ಪಕ್ಕದಲ್ಲೇ ನಾನು ನಿಂತಿರಬೇಕಿತ್ತು. ಅದಕ್ಕೇ ಮಾವನವರನ್ನು ಆ ವರ್ಷ ಕರೆದಿರಲಿಲ್ಲ. ಆದರೂ ಅವರು ಮಗಳ ಜೊತೆ ಬಂದೇಬಿಟ್ಟರು, ಅದೇ ಜರಿಪಂಚೆಯಲ್ಲಿ. ಹಳದಿ ಅಕ್ಷರವನ್ನು ಓದಿದರು. ನಗಲಿಲ್ಲ. ಕುಂಕುಮದ ಬಟ್ಟಲನ್ನು ಕೈಗೆ ತೆಗೆದುಕೊಂಡು ಎಲ್ಲರಿಗೂ ಕೇಳುವಂತೆ, "ಅಳಿಯಂದ್ರೆ, ಇದರ ಸೊನ್ನೆ ಎಲ್ಲಿದೆ?" ಎಂದರು.

ಸುತ್ತ ನಾಲ್ಕು ತೂತು ಹಾಕಲೆಂದು ಟೇಬಲ್ಲಿಗೆ ಕಟ್ಟಿದ್ದ ಚೌಕದ ತಗಡಿನ ನಡುಮಧ್ಯವನ್ನು ಬೆರಳಿನಿಂದ ತೋರಿಸಿದೆ. ಅವರು ಬಗ್ಗಿ, ಉಂಗುರದ ಬೆರಳಿನಿಂದ ಅಲ್ಲೊಂದು ಬೊಟ್ಟು ಇಟ್ಟು, ಹಿಂದೆ ಸರಿದು ನಿಂತರು.

ಗುಂಡಿ ಒತ್ತಿದೆ. ಟೇಪ್ ತಡೆಯಿಲ್ಲದೆ ಸರಿಯಿತು. ಕಟರ್ ಕೆಂಪು ಬೊಟ್ಟನ್ನು ಮುಟ್ಟದೆ ಮೊದಲು ಎಡಕ್ಕೆ, ಶಿವಾಜಿನಗರದ ಕಡೆಗೆ ಹೋಗಿ ಇಳಿಯಿತು. ಮಾವನವರು ಅದನ್ನೇ ನೋಡುತ್ತಿದ್ದರು. ನಾನು ಬಟ್ಟೆ ತೆಗೆದುಕೊಂಡು, ಒರೆಸಿದ ಜಾಗವನ್ನೇ ಒರೆಸುತ್ತಾ ನಿಂತೆ.